ಎಂ.ಸಿ.ಟಿ. ಎಣ್ಣೆ: ಯಾರಿಗೆ ಔಷಧ, ಯಾರಿಗೆ ಬರೀ ಎಣ್ಣೆ?

ಕೊಬ್ಬರಿಗೆ ಹೆಸರಾದ ಜಿಲ್ಲೆ ನಮ್ಮದು. ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಯ ಧಾರಣೆ ಏರಿದರೆ ಗುಬ್ಬಿ, ತುರುವೇಕೆರೆ, ಕುಣಿಗಲ್ ಕಡೆಯ ಮನೆಗಳಲ್ಲಿ ಮದುವೆಯ ಮಾತು ಮುಂದುವರಿಯುತ್ತದೆ, ಇಳಿದರೆ ನಿಲ್ಲುತ್ತದೆ. ಇಂಥ ಸೀಮೆಯ ಜನರ ಕೈಗೆ ಈಗ ‘ತೆಂಗಿನಿಂದ ತೆಗೆದದ್ದು’ ಎಂಬ ಹೆಸರಿನಲ್ಲಿ ಹೊಸದೊಂದು ಬಾಟಲಿ ಬಂದಿದೆ. ಅದರ ಹೆಸರು ಎಂ.ಸಿ.ಟಿ. ಎಣ್ಣೆ. ನೀರಿನಂತೆ ತಿಳಿ, ವಾಸನೆಯಿಲ್ಲ, ರುಚಿಯೂ ಇಲ್ಲ. ಕ್ಯಾತ್ಸಂದ್ರದ ನನ್ನ ಚಿಕಿತ್ಸಾಲಯಕ್ಕೆ ಇದನ್ನು ಚೀಲದಲ್ಲಿಟ್ಟುಕೊಂಡು ಬರುವವರು ಇದ್ದಾರೆ. ಒಬ್ಬರಿಗೆ ತೂಕ ಇಳಿಸಬೇಕು, ಇನ್ನೊಬ್ಬರಿಗೆ ಮರೆವು ಹೋಗಬೇಕು, ಮತ್ತೊಬ್ಬರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಬೇಕು. ಬೆಳಗಿನ ಕಾಫಿಗೆ ಒಂದು ದೊಡ್ಡ ಚಮಚ ಬೆರೆಸಿ ಕುಡಿಯಿರಿ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ಕೊಂಡದ್ದು. “ಡಾಕ್ಟ್ರೇ, ಇದು ನಮ್ ತೆಂಗಿನಕಾಯಿಂದೇ ಅಲ್ವಾ? ಏನ್ ತೊಂದ್ರೆ ಮಾಡೀತು?” ಎನ್ನುವುದು ಸಾಮಾನ್ಯವಾದ ಪ್ರಶ್ನೆ.

ಈ ಎಣ್ಣೆ ಮೋಸದ ಸರಕಲ್ಲ. ಕೆಲವು ಕಾಯಿಲೆಗಳಲ್ಲಿ ಇದಕ್ಕೆ ಸಮನಾದ ಆಹಾರ ಇನ್ನೊಂದಿಲ್ಲ. ತೊಂದರೆ ಏನೆಂದರೆ, ಆ ಕಾಯಿಲೆಯವರು ಇದರ ಹೆಸರನ್ನೇ ಕೇಳಿರುವುದಿಲ್ಲ. ಕೊಳ್ಳುತ್ತಿರುವವರಿಗೆ ಆ ಕಾಯಿಲೆಗಳಿರುವುದಿಲ್ಲ.

ನಾವು ತಿನ್ನುವ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲವೂ ಕೊಬ್ಬಿನಾಮ್ಲಗಳಿಂದ ಆದವು. ಕೊಬ್ಬಿನಾಮ್ಲ ಎಂದರೆ ಇಂಗಾಲದ ಅಣುಗಳನ್ನು ಮಣಿಗಳಂತೆ ಪೋಣಿಸಿದ ಒಂದು ಸರ ಎಂದು ತಿಳಿಯಿರಿ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳ ಸರಗಳಲ್ಲಿ ಹೆಚ್ಚಾಗಿ 16 ಅಥವಾ 18 ಮಣಿ. ಇವು ಉದ್ದ ಸರಗಳು. 6ರಿಂದ 12 ಮಣಿಗಳ ಸರಗಳನ್ನು ಮಧ್ಯಮ ಸರಗಳೆನ್ನುತ್ತಾರೆ. ಇಂಥ ಮೂರು ಸರಗಳು ಗ್ಲಿಸರಾಲಿಗೆ ಅಂಟಿಕೊಂಡರೆ ಅದೇ ಎಂ.ಸಿ.ಟಿ. ಅಂಗಡಿಯಲ್ಲಿ ದೊರೆಯುವ ಬಾಟಲಿಯಲ್ಲಿ ಇರುವುದು ಮುಖ್ಯವಾಗಿ 8 ಮತ್ತು 10 ಮಣಿಗಳವು. ಅವುಗಳ ಹೆಸರು ಕ್ಯಾಪ್ರಿಲಿಕ್ ಮತ್ತು ಕ್ಯಾಪ್ರಿಕ್ ಆಮ್ಲ. ಲ್ಯಾಟಿನ್ ಭಾಷೆಯಲ್ಲಿ ಮೇಕೆಗೆ ‘ಕ್ಯಾಪ್ರಾ’ ಎನ್ನುತ್ತಾರೆ. ಮೇಕೆ ಹಾಲಿನ ಕೊಬ್ಬಿನಲ್ಲಿ ಇವು ಕಂಡುಬರುವುದರಿಂದ ಆ ಹೆಸರು.

ಉದ್ದ ಸರದ ಕೊಬ್ಬು ಜೀರ್ಣವಾಗುವುದು ದೊಡ್ಡ ಕೆಲಸ. ಯಕೃತ್ತಿನಿಂದ ಪಿತ್ತರಸ ಬರಬೇಕು, ಮೇದೋಜೀರಕ ಗ್ರಂಥಿಯಿಂದ ಪಾಚಕರಸ ಬರಬೇಕು. ಅಷ್ಟಾದ ಮೇಲೂ ಅದು ನೇರವಾಗಿ ರಕ್ತಕ್ಕೆ ಸೇರುವುದಿಲ್ಲ. ಕರುಳಿನ ಗೋಡೆಯಲ್ಲಿರುವ ದುಗ್ಧರಸ ನಾಳಗಳೊಳಗೆ ಹಾಲಿನಂಥ ದ್ರವವಾಗಿ ಹೊಕ್ಕು, ಎದೆಯ ಮೂಲಕ ಮೇಲೇರಿ, ಕತ್ತಿನ ಬುಡದಲ್ಲಿ ರಕ್ತವನ್ನು ಸೇರುತ್ತದೆ. ಮಧ್ಯಮ ಸರದ ಕೊಬ್ಬಿಗೆ ಈ ಸುತ್ತುದಾರಿ ಬೇಡ. ಪಿತ್ತರಸ, ಪಾಚಕರಸ ಕಡಿಮೆಯಿದ್ದರೂ ಅದು ಒಡೆಯುತ್ತದೆ. ಕರುಳಿನಿಂದ ಸೀದಾ ರಕ್ತನಾಳಕ್ಕೆ ಇಳಿದು ಯಕೃತ್ತನ್ನು ಸೇರಿ, ಅಲ್ಲಿ ಬೇಗ ಉರಿದು ಶಕ್ತಿಯಾಗುತ್ತದೆ. ಅದರಲ್ಲೊಂದು ಪಾಲು ಕೀಟೋನ್ ಎಂಬ ವಸ್ತುವಾಗಿ ರಕ್ತಕ್ಕೆ ಬರುತ್ತದೆ. ಮಿದುಳು ಸಕ್ಕರೆಯ ಬದಲಿಗೆ ಈ ಕೀಟೋನನ್ನೂ ಉರುವಲಾಗಿ ಬಳಸಿಕೊಳ್ಳಬಲ್ಲದು.

ಹಾಗಾದರೆ ಇದು ಬೇಕಾಗುವುದು ಯಾರಿಗೆ? ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು ಜಿಲ್ಲೆಗಳಲ್ಲಿ, ನಮ್ಮ ಕರಾವಳಿಯಲ್ಲಿ ಆನೆಕಾಲು ರೋಗ ಬಹುಕಾಲದಿಂದ ಕಾಡಿದೆ. ಈ ರೋಗದ ಹುಳು ದುಗ್ಧರಸ ನಾಳಗಳನ್ನು ಕೆಡಿಸುತ್ತದೆ. ಕಾಲು ಊದುವುದು ಎಲ್ಲರಿಗೂ ಗೊತ್ತು. ಕೆಲವರಲ್ಲಿ ಕಾಲು ಊದುವುದಿಲ್ಲ. ಮೂತ್ರ ಹಾಲಿನಂತೆ ಬೆಳ್ಳಗೆ ಹೋಗುತ್ತದೆ. ಕೊಬ್ಬನ್ನು ಹೊತ್ತ ಹಾಲಿನಂಥ ದ್ರವ ದಾರಿ ತಪ್ಪಿ ಮೂತ್ರಕ್ಕೆ ಸೋರುವುದೇ ಇದಕ್ಕೆ ಕಾರಣ. ತುಪ್ಪದೂಟ ಮಾಡಿದ ದಿನ ಇದು ಹೆಚ್ಚು. ಧಾತು ಹೋಗುತ್ತಿದೆ ಎಂದು ನಾಚಿಕೊಂಡು, ಯಾರಿಗೂ ಹೇಳದೆ, ಪ್ರೋಟೀನು ಕಳೆದುಕೊಂಡು ಸೊರಗುವವರಿದ್ದಾರೆ. ಇಂಥವರಿಗೆ ಎಣ್ಣೆ ತುಪ್ಪ ಬಿಡಿಸಿ, ಅದರ ಜಾಗದಲ್ಲಿ ಎಂ.ಸಿ.ಟಿ. ಎಣ್ಣೆ ಕೊಟ್ಟರೆ ಕೊಬ್ಬು ಆ ನಾಳಗಳ ದಾರಿಯನ್ನೇ ಹಿಡಿಯುವುದಿಲ್ಲ, ಸೋರಿಕೆ ಕಡಿಮೆಯಾಗುತ್ತದೆ. ಉದ್ಯೋಗಕ್ಕಾಗಿ ಆ ಕಡೆ ಹಲವು ವರ್ಷ ಇದ್ದು ಬಂದವರು ನಿಮ್ಮ ಮನೆಯಲ್ಲಿದ್ದು, ಮೂತ್ರ ಬೆಳ್ಳಗೆ ಹೋಗುತ್ತಿದ್ದರೆ ಸಂಕೋಚ ಬಿಟ್ಟು ಪರೀಕ್ಷೆ ಮಾಡಿಸಿ.

ಎದೆಯ ಶಸ್ತ್ರಚಿಕಿತ್ಸೆಯ ನಂತರ, ಅದರಲ್ಲೂ ಮಕ್ಕಳ ಹೃದಯದ ಶಸ್ತ್ರಚಿಕಿತ್ಸೆಯ ನಂತರ, ಇದೇ ದ್ರವ ಶ್ವಾಸಕೋಶದ ಸುತ್ತ ತುಂಬಿಕೊಳ್ಳುವುದುಂಟು. ಅಲ್ಲಿಯೂ ಇದೇ ಉಪಾಯ. ಹುಟ್ಟುವಾಗಲೇ ಪಿತ್ತನಾಳ ಕಟ್ಟಿಕೊಂಡು ಕಾಮಾಲೆ ಇಳಿಯದ ಕೂಸು, ಕರುಳಿನ ಬಹುಭಾಗವನ್ನು ತೆಗೆಸಿಕೊಂಡವರು, ಮೇದೋಜೀರಕ ಗ್ರಂಥಿ ಕೆಟ್ಟು ಜಿಡ್ಡಿನ ಮಲ ಹೋಗುವವರು, ಇವರೆಲ್ಲರಿಗೂ ವೈದ್ಯರು ಇದನ್ನು ಬರೆದುಕೊಡುತ್ತಾರೆ. ತಿಂಗಳು ತುಂಬದೆ ಹುಟ್ಟಿದ ಶಿಶುಗಳ ಹಾಲಿನ ಪುಡಿಗಳಲ್ಲಿಯೂ ಇದನ್ನು ಸೇರಿಸುತ್ತಾರೆ. ವೈದ್ಯರು ಇದನ್ನು ಬಳಸತೊಡಗಿದ್ದು 1950ರ ದಶಕದಿಂದ. ಆದ್ದರಿಂದ ‘ಹೊಸ ಸಂಶೋಧನೆ’ ಎಂಬ ಜಾಹೀರಾತಿನ ಮಾತು ಸರಿಯಲ್ಲ.

ಮಕ್ಕಳ ಮೂರ್ಛೆರೋಗದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇಲ್ಲಿ ಆಸೆಯೂ ದೊಡ್ಡದು, ಅಪಾಯವೂ ದೊಡ್ಡದು. ಉಪವಾಸವಿದ್ದಾಗ ಕೆಲವರಿಗೆ ಫಿಟ್ಸ್ ಕಡಿಮೆಯಾಗುತ್ತದೆಂಬುದು ಹಳೆಯ ಅನುಭವ. ಉಪವಾಸದಲ್ಲಿ ರಕ್ತದಲ್ಲಿ ಕೀಟೋನ್ ಏರುತ್ತದೆ. ಊಟ ಕೊಟ್ಟೂ ಕೀಟೋನ್ ಏರಿಸುವ, ಕೊಬ್ಬೇ ಹೆಚ್ಚಾಗಿರುವ ಪಥ್ಯವನ್ನು 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಸೂಚಿಸಿದರು. ಆದರೆ ಅನ್ನ, ಮುದ್ದೆ, ಹಣ್ಣು ಎಲ್ಲವನ್ನೂ ಬಿಟ್ಟು ಬೆಣ್ಣೆ ತಿನ್ನು ಎಂದರೆ ಮಗು ಎಷ್ಟು ದಿನ ತಿಂದೀತು? 1971ರಲ್ಲಿ ಪೀಟರ್ ಹಟನ್‌ಲೋಕರ್ ಎಂಬ ಮಕ್ಕಳ ನರರೋಗ ತಜ್ಞರು ಎಂ.ಸಿ.ಟಿ. ಎಣ್ಣೆಯ ಪಥ್ಯವನ್ನು ರೂಪಿಸಿದರು. ಈ ಎಣ್ಣೆ ಸ್ವಲ್ಪದರಲ್ಲೇ ಹೆಚ್ಚು ಕೀಟೋನ್ ಕೊಡುವುದರಿಂದ ಮಗುವಿಗೆ ಒಂದಿಷ್ಟು ಅನ್ನ, ಹಣ್ಣು ಕೊಡಲು ಅವಕಾಶವಾಯಿತು. ಔಷಧಿಗೆ ಬಗ್ಗದ ಫಿಟ್ಸ್ ಇರುವ ಮಕ್ಕಳಲ್ಲಿ ಕೆಲವರಿಗೆ ಇದರಿಂದ ನಿಜವಾಗಿ ಗುಣವಿದೆ.

ಆದರೆ ಇದು ಅಳೆದು ತೂಗಿ ಮಾಡುವ ಚಿಕಿತ್ಸೆ. ಮಕ್ಕಳ ನರರೋಗ ತಜ್ಞರು ಮತ್ತು ಪಥ್ಯತಜ್ಞರು ಸೇರಿ ಗ್ರಾಂ ಲೆಕ್ಕದಲ್ಲಿ ಊಟ ಬರೆದುಕೊಡುತ್ತಾರೆ, ರಕ್ತ ಮೂತ್ರ ಪರೀಕ್ಷಿಸುತ್ತಿರುತ್ತಾರೆ. ಮಗುವಿಗೆ ದಿನಾ ಎರಡು ಚಮಚ ಎಣ್ಣೆ ಕುಡಿಸಿ, ಫಿಟ್ಸಿನ ಮಾತ್ರೆ ನಿಲ್ಲಿಸಿದರೆ ಆಗುವುದು ಬೇರೆಯೇ. ಮಾತ್ರೆಯನ್ನು ತಟ್ಟನೆ ಬಿಟ್ಟಾಗ ಒಂದರ ಮೇಲೊಂದು ಫಿಟ್ಸ್ ಬಂದು ನಿಲ್ಲದೇ ಹೋಗಬಹುದು, ಪ್ರಾಣಕ್ಕೇ ಅಪಾಯ. ದಯವಿಟ್ಟು ಈ ಪ್ರಯೋಗವನ್ನು ಮನೆಯಲ್ಲಿ ಮಾಡಬೇಡಿ. ಹಸುಗೂಸುಗಳಲ್ಲಿ ಹುಟ್ಟಿನಿಂದಲೇ ಬರುವ ಕೆಲವು ಅಪರೂಪದ ದೋಷಗಳಿವೆ. ಉದ್ದ ಸರದ ಕೊಬ್ಬನ್ನು ಉರಿಸಲಾಗದ ಕೂಸಿಗೆ ಎಂ.ಸಿ.ಟಿ. ಜೀವ ಉಳಿಸುತ್ತದೆ, ಮಧ್ಯಮ ಸರವನ್ನು ಉರಿಸಲಾಗದ ಕೂಸಿಗೆ ಅದೇ ವಿಷ. ಹೊರಗಿನಿಂದ ನೋಡಿದರೆ ಎರಡು ಕೂಸುಗಳೂ ಒಂದೇ ತರಹ ಕಾಣಬಹುದು. ಇನ್ನು, ಅಳುವ ಮಗುವಿನ ಬಾಯಿಗೋ ಮೂಗಿಗೋ ಎಣ್ಣೆ ಹಾಕುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಯಾವ ಎಣ್ಣೆಯೇ ಆಗಲಿ, ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಇಳಿದರೆ ಬರುವ ನ್ಯುಮೋನಿಯಾ ಬೇಗ ವಾಸಿಯಾಗುವಂಥದ್ದಲ್ಲ.

ಈಗ ಆರೋಗ್ಯವಾಗಿರುವವರ ವಿಷಯ. ತೂಕ ಇಳಿಯುತ್ತದೆಯೇ? ಬೇರೆ ಎಣ್ಣೆಯ ಬದಲು ಎಂ.ಸಿ.ಟಿ. ಎಣ್ಣೆ ಕೊಟ್ಟು ನೋಡಿದ 13 ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಸಿಕ್ಕಿದ ವ್ಯತ್ಯಾಸ ಸರಾಸರಿ ಅರ್ಧ ಕಿಲೋ. ‘ಬದಲು’ ಎಂಬ ಮಾತನ್ನು ಗಮನಿಸಿ. ತಿನ್ನುವುದನ್ನೆಲ್ಲ ತಿಂದು ಮೇಲೊಂದು ಚಮಚ ಇದನ್ನು ಕುಡಿದರೆ ಇಳಿಯುವುದಿಲ್ಲ, ಏರುತ್ತದೆ. ಇದೂ ಎಣ್ಣೆಯೇ. ಬೇರೆ ಎಣ್ಣೆಯ ಒಂದು ಗ್ರಾಮಿನಲ್ಲಿ 9 ಕ್ಯಾಲೊರಿ ಇದ್ದರೆ ಇದರಲ್ಲಿ 8.3. ಒಂದು ದೊಡ್ಡ ಚಮಚಕ್ಕೆ ಸುಮಾರು 115 ಕ್ಯಾಲೊರಿ ಆಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2011ರ ಸಲಹೆಯಂತೆ ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ ಸಾಕಾಗುವ ಎಣ್ಣೆ ತುಪ್ಪ 25 ಗ್ರಾಂ, ಹೆಂಗಸಿಗೆ 20 ಗ್ರಾಂ. ಎರಡು ಚಮಚ ಎಂ.ಸಿ.ಟಿ. ಕುಡಿದರೆ ಒಗ್ಗರಣೆಗೆ ಮುಂಚೆಯೇ ಆ ಲೆಕ್ಕ ಮುಗಿಯಿತು. ನಮ್ಮೂರಿನ ತಟ್ಟೆ ಇಡ್ಲಿಯ ಮೇಲಿನ ಬೆಣ್ಣೆಯನ್ನು ಬಿಡಲಾಗದೆ ಈ ಎಣ್ಣೆಯನ್ನು ಕೊಳ್ಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ಬೆಣ್ಣೆ ಬಿಡುವುದಕ್ಕೆ ದುಡ್ಡು ಬೇಕಿಲ್ಲ!

ಮರೆವಿನ ವಿಷಯದಲ್ಲಿ ವಿಜ್ಞಾನಿಗಳಿಗೂ ಆಸೆಯಿತ್ತು. ಆಲ್‌ಝೈಮರ್ ಕಾಯಿಲೆಯಲ್ಲಿ ಮಿದುಳು ಸಕ್ಕರೆಯನ್ನು ಸರಿಯಾಗಿ ಬಳಸಿಕೊಳ್ಳಲಾರದು, ಕೀಟೋನ್ ಕೊಟ್ಟರೆ ಚೇತರಿಸೀತು ಎಂಬ ಊಹೆ ಅದು. ಸಣ್ಣ ಪ್ರಯೋಗಗಳಲ್ಲಿ ಅಲ್ಪಸ್ವಲ್ಪ ಸುಧಾರಣೆ ಕಂಡಿತ್ತು. ಆದರೆ 8 ಮಣಿಯ ಕೊಬ್ಬಿನಿಂದ ತಯಾರಿಸಿದ ಪದಾರ್ಥವೊಂದನ್ನು ಹೆಚ್ಚು ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗ 2017ರಲ್ಲಿ ವಿಫಲವಾಯಿತು. ಮನೆಯ ಹಿರಿಯರ ಮರೆವಿಗೆ ಥೈರಾಯಿಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ ಕಾರಣವಾಗಿರಬಹುದು. ಇವೆಲ್ಲವೂ ಚಿಕಿತ್ಸೆಗೆ ಬಗ್ಗುವಂಥವು. ಬಾಟಲಿಗೆ ಕೊಡುವ ದುಡ್ಡನ್ನು ಮೊದಲು ಆ ಪರೀಕ್ಷೆಗಳಿಗೆ ಕೊಡುವುದು ಲೇಸು.

ಸಕ್ಕರೆ ಕಾಯಿಲೆಯವರಿಗೆ ನನ್ನ ಮಾತು ಸ್ವಲ್ಪ ಖಾರವಾಗಿರುತ್ತದೆ. ಈ ಎಣ್ಣೆ ಯಾವ ಮಾತ್ರೆಗೂ ಇನ್ಸುಲಿನ್ನಿಗೂ ಬದಲಿಯಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳನ್ನು ಈಗ ಬಹಳ ಜನ ನುಂಗುತ್ತಾರೆ. ನಿಮ್ಮ ಚೀಟಿಯಲ್ಲಿ ಇವೆಯೇ ನೋಡಿಕೊಳ್ಳಿ. ಇವನ್ನು ನುಂಗುತ್ತಾ ಅನ್ನ, ಮುದ್ದೆ, ಚಪಾತಿ ಪೂರ್ತಿ ಬಿಟ್ಟು ಕೊಬ್ಬಿನ ಮೇಲೇ ಬದುಕುವ ಪಥ್ಯ ಹಿಡಿದರೆ ರಕ್ತದಲ್ಲಿ ಕೀಟೋನ್ ವಿಪರೀತವಾಗಿ ಏರಿ ರಕ್ತ ಆಮ್ಲವಾಗಬಹುದು. ಆಗ ಸಕ್ಕರೆಯ ಅಂಶ ಅಷ್ಟೇನೂ ಹೆಚ್ಚಿರುವುದಿಲ್ಲ, ಹಾಗಾಗಿ ಮನೆಯವರು ಮೋಸಹೋಗುತ್ತಾರೆ. ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಕಂಡರೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಯಾವ ಮಾತ್ರೆ ನುಂಗುತ್ತಿದ್ದಾರೆಂಬುದನ್ನು ಅಲ್ಲಿಯ ವೈದ್ಯರಿಗೆ ತಿಳಿಸಬೇಕು. ಯಕೃತ್ತು ಗಟ್ಟಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವ ಹಂತದವರೂ ಈ ಎಣ್ಣೆಯಿಂದ ದೂರವಿರಬೇಕು. ಇದನ್ನು ಉರಿಸಬೇಕಾದದ್ದು ಯಕೃತ್ತೇ. ಅದಕ್ಕೆ ಶಕ್ತಿಯಿಲ್ಲದಾಗ ಮಂಕು ಕವಿದು ಪ್ರಜ್ಞೆ ತಪ್ಪುವ ಭಯವುಂಟು.

“ಬಾಟಲಿ ಯಾಕೆ, ನಮ್ಮ ಗಾಣದ ಕೊಬ್ಬರಿ ಎಣ್ಣೆಯೇ ಸಾಲದೇ?” ಎಂದು ಕೇಳುವವರೂ ಇದ್ದಾರೆ. ಎರಡೂ ಒಂದಲ್ಲ. ಕೊಬ್ಬರಿ ಎಣ್ಣೆಯಲ್ಲಿ 8 ಮತ್ತು 10 ಮಣಿಯ ಕೊಬ್ಬಿನಾಮ್ಲಗಳು ಎರಡೂ ಸೇರಿ ನೂರಕ್ಕೆ ಸುಮಾರು 14 ಪಾಲು. ಕಾರ್ಖಾನೆಯಲ್ಲಿ ಈ ಪಾಲನ್ನಷ್ಟೇ ಬೇರ್ಪಡಿಸಿ ಎಂ.ಸಿ.ಟಿ. ಎಣ್ಣೆ ಮಾಡುತ್ತಾರೆ. ಬಾಟಲಿಯ ಒಂದು ಚಮಚಕ್ಕೆ ಸಮನಾಗಬೇಕಾದರೆ ನೀವು ಏಳು ಚಮಚ ಕೊಬ್ಬರಿ ಎಣ್ಣೆ ಕುಡಿಯಬೇಕಾದೀತು. ಅದರ ಅರ್ಧದಷ್ಟು ಇರುವುದು 12 ಮಣಿಯ ಲಾರಿಕ್ ಆಮ್ಲ. ಪುಸ್ತಕದ ಲೆಕ್ಕದಲ್ಲಿ ಇದು ಮಧ್ಯಮ ಸರ. ದೇಹದೊಳಗೆ ಇದರ ಬಹುಪಾಲು ಹಿಡಿಯುವುದು ಉದ್ದ ಸರದ ಸುತ್ತುದಾರಿಯನ್ನೇ. ಇದು ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲನ್ನೂ ಏರಿಸುತ್ತದೆ. 2020ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆಯಿಂದ ಕೆಟ್ಟ ಕೊಲೆಸ್ಟರಾಲು ಸುಮಾರು 10 ಮಿಲಿಗ್ರಾಂ ಹೆಚ್ಚಿತ್ತು. ಹಾಗೆಂದು ಚಟ್ನಿಗೆ, ಸಾರಿಗೆ ಕಾಯಿ ಹಾಕುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಕಾಯಿಯಲ್ಲಿ ನಾರಿದೆ, ನಾವು ಹಾಕುವುದು ಮಿತವಾಗಿ. ಇಷ್ಟು ತೆಂಗು ಬೆಳೆದರೂ ನಮ್ಮ ಹಿರಿಯರು ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ ಬಳಸಿ ಕೊಬ್ಬರಿ ಎಣ್ಣೆಯನ್ನು ತಲೆಗೆ ಹಚ್ಚಿಕೊಂಡರು ಎಂಬುದೂ ನೆನಪಿರಲಿ.

ವೈದ್ಯರು ಬರೆದುಕೊಟ್ಟು ಈ ಎಣ್ಣೆಯನ್ನು ಬಳಸುವವರಿಗೆ ಕೆಲವು ಮಾತು. ಮೊದಲ ದಿನವೇ ದೊಡ್ಡ ಚಮಚ ಕುಡಿದರೆ ಹೊಟ್ಟೆ ನುಲಿದು ಭೇದಿಯಾಗುತ್ತದೆ. ಒಂದು ಟೀ ಚಮಚದಿಂದ ಶುರುಮಾಡಿ, ಊಟದ ಜೊತೆಗೇ ತೆಗೆದುಕೊಂಡು, ಹೇಳಿದಷ್ಟಕ್ಕೆ ನಿಧಾನವಾಗಿ ಏರಿಸಬೇಕು. ಗಂಜಿಗೆ, ಮಜ್ಜಿಗೆಗೆ, ಬೇಯಿಸಿದ ತರಕಾರಿಗೆ ಬೆರೆಸಬಹುದು. ಬಾಣಲೆಯಲ್ಲಿ ಕರಿಯಲು ಬಾರದು. ಬೇರೆ ಎಣ್ಣೆಗಿಂತ ಬೇಗ ಹೊಗೆಯಾಡುತ್ತದೆ. ದೇಹಕ್ಕೆ ಅಗತ್ಯವಾದ ಕೆಲವು ಕೊಬ್ಬಿನಾಮ್ಲಗಳು ಇದರಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಬಹುಕಾಲ ಇದೊಂದನ್ನೇ ಬಳಸುವವರು ಬೇರೆ ಎಣ್ಣೆ ಎಷ್ಟು ಸೇರಿಸಬೇಕೆಂದು, ಎ, ಡಿ, ಇ, ಕೆ ಜೀವಸತ್ವಗಳು ಬೇಕೇ ಎಂದು ವೈದ್ಯರನ್ನು ಕೇಳಬೇಕು. ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಈ ಎಣ್ಣೆ ಮೆತ್ತಗಾಗಿಸುತ್ತದೆ. ಅಳೆಯಲು ಸ್ಟೀಲ್ ಚಮಚ, ಕುಡಿಸಲು ಸ್ಟೀಲ್ ಅಥವಾ ಗಾಜಿನ ಲೋಟ ಬಳಸಿ.