ಮಗ್ಗದ ಊರಿನಲ್ಲಿ ಮರ ಕೊರೆಯುವ ಪುಟ್ಟ ಯಂತ್ರ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ರಾಜಾಜ್ಞೆಯ ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ಲಿಪಿಕಾರ ಎಂಬ ತನ್ನ ಕಸುಬಿನ ಪದವನ್ನು ಮಾತ್ರ ಆತ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಕೊಂಚ ಜಂಬವೂ ಇದ್ದಿರಬೇಕು.

ಚಪಡನ ಅಕ್ಷರಗಳನ್ನು ಇವತ್ತು ಅಂಗೈಯಗಲದ ಮರದ ತುಂಡಿನ ಮೇಲೆ ಕೊರೆಯಲು ಉಳಿ, ಸುತ್ತಿಗೆಯ ಪಳಗಿದ ಕೈ ಬೇಕೇಬೇಕೆಂದಿಲ್ಲ. ಮೇಜಿನ ಮೇಲೆ ಕೂರುವ, ಕಂಪ್ಯೂಟರ್ ಕೊಡುವ ಅಂಕಿಗಳಂತೆ ನಡೆಯುವ ಹವ್ಯಾಸಿ ಸಿಎನ್‌ಸಿ ಯಂತ್ರ ಸಾಕು. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿಯ ಹೆಸರು 3018. ಅದು ಕೆಲಸ ಮಾಡುವ ಜಾಗ 30 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ. ತಿರುಗುತ್ತಾ ಮರ ಕೊರೆಯುವ ಮೊನೆಯನ್ನು, ಅಂದರೆ ಬಿಟ್ಟನ್ನು, ಮೇಲೆ ಕೆಳಗೆ ಆಡಿಸಲು ಒಂದು ಮೋಟಾರು, ಮರಕ್ಕೂ ಬಿಟ್ಟಿಗೂ ನಡುವಿನ ಎಡಬಲ, ಹಿಂದೆಮುಂದೆ ಚಲನೆಗೆ ಇನ್ನೆರಡು. ಮೋಟಾರು 200 ಹೆಜ್ಜೆಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಅದಕ್ಕೆ ಕೂಡಿಸಿದ ಸ್ಕ್ರೂ ಒಂದು ಸುತ್ತಿಗೆ 4 ಮಿ.ಮೀ. ಸರಿಸುವುದಾದರೆ, ಒಂದು ಹೆಜ್ಜೆಗೆ ಸರಿಯುವುದು 0.02 ಮಿ.ಮೀ. ಎಲ್ಲಿಗೆ ಹೋಗಬೇಕು, ಎಷ್ಟು ವೇಗದಲ್ಲಿ, ಎಷ್ಟು ಆಳಕ್ಕೆ ಎಂಬುದನ್ನು ಜಿ-ಕೋಡ್ ಎಂಬ ಸಾಲುಸಾಲು ಅಂಕಿಗಳು ಹೇಳುತ್ತವೆ.

ಚಿತ್ರವನ್ನು ಲೆಕ್ಕವಾಗಿಸಿ ಯಂತ್ರಕ್ಕೆ ಉಣಿಸುವುದು ಮೊಳಕಾಲ್ಮೂರಿಗೆ ಹೊಸದಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ರೇಷ್ಮೆ ಸೀರೆಯ ಈ ಊರಿನಲ್ಲಿ ಜಕಾರ್ಡ್ ಎಂಬ ಹೆಸರನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬುಟ್ಟಾವನ್ನು ಮೊದಲು ಗ್ರಾಫ್ ಕಾಗದದಲ್ಲಿ ಚೌಕ ತುಂಬಿ ಬರೆಯುತ್ತಾರೆ, ಅದನ್ನು ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಿದ್ದಲ್ಲಿ ಇದ್ದಲ್ಲೇ ಇರುತ್ತದೆ. ಫ್ರಾನ್ಸಿನ ಲಿಯೋನ್‌ನ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಉಪಾಯವಿದು. ಅಮೆರಿಕದ ಎಂಐಟಿಯಲ್ಲಿ 1952ರಲ್ಲಿ ಪ್ರದರ್ಶನಗೊಂಡ ಅಂಕಿ ನಿಯಂತ್ರಿತ ಲೋಹ ಕಡೆಯುವ ಯಂತ್ರವೂ ಆಜ್ಞೆ ಪಡೆಯುತ್ತಿದ್ದುದು ತೂತು ಹೊಡೆದ ಪಟ್ಟಿಯಿಂದಲೇ. ಆ ಬೃಹತ್ ಯಂತ್ರದ ವಿದ್ಯೆ ಮನೆಯ ಮೇಜಿಗೆ ಇಳಿಯಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕಾಗ್ಸ್‌ರುಡ್, ಅಗ್ಗದ ಆರ್ಡುಯಿನೊ ಬೋರ್ಡಿನ ಮೇಲೆ ಓಡುತ್ತಾ ಜಿ-ಕೋಡ್ ಓದಿ ಮೋಟಾರುಗಳನ್ನು ನಡೆಸುವ ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶವನ್ನು ಕೊಟ್ಟ ಮೇಲೆ ದಾರಿ ಸಲೀಸಾಯಿತು.

ಹಾಗಾಗಿ ಮೊದಲ ಕೆಲಸಕ್ಕೆ ಅಂತರಜಾಲದ ಹುಲಿ, ಹದ್ದುಗಳ ಚಿತ್ರಕ್ಕಿಂತ ಸೀರೆಯ ಗ್ರಾಫೇ ವಾಸಿ. ಅರವತ್ತು ಚೌಕ ಉದ್ದ, ನಲವತ್ತು ಚೌಕ ಅಗಲದ ನವಿಲಿಗೆ ಚೌಕಕ್ಕೆ 2 ಮಿ.ಮೀ.ಯಂತೆ ಲೆಕ್ಕ ಹಾಕಿದರೆ 12 ಸೆಂ.ಮೀ.ಗೆ 8 ಸೆಂ.ಮೀ. ಆಗುತ್ತದೆ. ಕುಂಕುಮದ ಡಬ್ಬಿಯ ಮುಚ್ಚಳಕ್ಕೋ ಲೋಟದಡಿಯ ಹಲಗೆಗೋ ಹೇಳಿ ಮಾಡಿಸಿದ ಅಳತೆ. ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶದಲ್ಲಿ ಇದನ್ನು ಬಿಡಿಸಬಹುದು. ಒಂದು ತೊಡಕಿದೆ: ಬಿಟ್ಟು ಗುಂಡಗಿರುವುದರಿಂದ ಒಳಮೂಲೆ ಯಾವತ್ತೂ ಚೌಕವಾಗಿ ಬಾರದು, ಬಿಟ್ಟಿನ ಅರ್ಧ ವ್ಯಾಸದಷ್ಟು ದುಂಡಾಗಿ ಉಳಿಯುತ್ತದೆ. 2 ಮಿ.ಮೀ. ಚೌಕಕ್ಕೆ 1 ಮಿ.ಮೀ. ಬಿಟ್ಟು ಬೇಕು. ಅದು ಕಡ್ಡಿಯಂತೆ ಮುರಿಯುವ ವಸ್ತು, ಅವಸರ ಕೂಡದು.

ಅಕ್ಷರಗಳ ವಿಷಯಕ್ಕೆ ಬಂದರೆ ಬ್ರಾಹ್ಮಿ ಬಲು ಸುಲಭ. ಕ ಎಂದರೆ ಕೂಡಿಸುವ ಚಿಹ್ನೆ. ಠ ಒಂದು ಸೊನ್ನೆ, ಅದರ ನಡುವೆ ಚುಕ್ಕೆಯಿಟ್ಟರೆ ಥ. 2010ರಿಂದ ಯೂನಿಕೋಡ್‌ನಲ್ಲೂ ಬ್ರಾಹ್ಮಿಗೆ ಜಾಗವಿದೆ, ಫಾಂಟು ಉಚಿತವಾಗಿ ಸಿಗುತ್ತದೆ. ಅದರ ಮರಿಮಗಳಾದ ಕನ್ನಡವೇ ಬಿಟ್ಟಿನ ತಾಳ್ಮೆ ಪರೀಕ್ಷಿಸುವುದು. ಮೊಳಕಾಲ್ಮೂರು ಎಂದು ಬರೆದ ನಾಮಫಲಕದಲ್ಲಿ ಲ ಮತ್ತು ಮಕಾರದ ಹೊಟ್ಟೆ ಚೆನ್ನಾಗಿಯೇ ಮೂಡುತ್ತದೆ, ಮಕಾರದ ಒತ್ತು ಮಾತ್ರ ಮುದ್ದೆಯಾಗುತ್ತದೆ. ಇದಕ್ಕೆ ಮದ್ದು ಚೂಪು ತುದಿಯ ವಿ-ಬಿಟ್. ಆಳಕ್ಕಿಳಿದಷ್ಟೂ ಗೆರೆ ಅಗಲವಾಗುವುದರಿಂದ ತೆಳುವಾದ ಜಾಗದಲ್ಲಿ ಅದು ಮೇಲೇಳುತ್ತದೆ, ದಪ್ಪಗಿರುವಲ್ಲಿ ಇಳಿಯುತ್ತದೆ. ಅಕ್ಷರದ ಎತ್ತರವನ್ನೂ ಕೊಂಚ ಧಾರಾಳವಾಗಿ ಇಟ್ಟುಕೊಂಡರೆ ಒತ್ತು ಬದುಕುತ್ತದೆ.

ಮರಕ್ಕೆ ಬಡಗಿಯ ಅಂಗಡಿಯಲ್ಲಿ ಉಳಿದ ತುಂಡುಗಳೇ ಸಾಕು. ತೇಗ ಚೆಂದ ಕಾಣುತ್ತದೆ, ಆದರೆ ಅದರೊಳಗಿನ ಸಿಲಿಕಾ ಬಿಟ್ಟಿನ ಮೊನೆ ತಿನ್ನುತ್ತದೆ. ಬೇವಿನಲ್ಲಿ ಎಳೆ ಅತ್ತಿತ್ತ ಹೆಣೆದುಕೊಂಡಿರುವುದರಿಂದ ಅಂಚು ಸಿಬಿರೇಳಬಹುದು. ಯಾವ ಮರವಾದರೂ ಒಂದು ಸಲಕ್ಕೆ ಅರ್ಧ ಮಿ.ಮೀ. ಆಳ ಕೊರೆದು, ಪದರ ಪದರವಾಗಿ ಇಳಿಯುವುದು ಕ್ಷೇಮ. ತುಂಡು ಅಲುಗದಂತೆ ಬಿಗಿಯುವುದರಲ್ಲೇ ಅರ್ಧ ಕೆಲಸವಿದೆ ಎಂದರೂ ಉತ್ಪ್ರೇಕ್ಷೆಯಲ್ಲ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ನುಣ್ಣನೆ ಧೂಳಂತೂ ಶ್ವಾಸಕೋಶಕ್ಕೆ ಕೆಟ್ಟದ್ದು.

ಕರೆಂಟಿನ ಮಾತು ಬೇರೆ. ಈ ಪುಟ್ಟ ಯಂತ್ರಗಳಿಗೆ ತಾವೆಲ್ಲಿದ್ದೇವೆಂಬ ನೆನಪಿರುವುದಿಲ್ಲ. ಹೊರಟ ಜಾಗದಿಂದ ಹೆಜ್ಜೆ ಎಣಿಸುತ್ತಾ ಹೋಗುತ್ತವೆ ಅಷ್ಟೆ. ನಡುವೆ ಕರೆಂಟ್ ಹೋದರೆ ಎಣಿಕೆ ಅಳಿಸಿಹೋಗುತ್ತದೆ. ಅನುಭವಸ್ಥರು ಸೊನ್ನೆಯ ಬಿಂದುವನ್ನು ಹಲಗೆಯ ಮೂಲೆಯೊಂದಕ್ಕೆ ಇಟ್ಟು ಪೆನ್ಸಿಲ್ ಗುರುತು ಹಾಕಿಕೊಂಡಿರುತ್ತಾರೆ, ಮತ್ತೆ ಅಲ್ಲಿಂದಲೇ ಶುರು ಮಾಡಲು.

ಕೊರೆದಾದ ಮೇಲೆ ಸ್ಯಾಂಡ್ ಪೇಪರ್, ಆಮೇಲೆ ಎಣ್ಣೆ. ಪಕ್ಕದ ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದ ಊರು, ಕಡಲೆಕಾಯಿ ಎಣ್ಣೆಗೆ ಬರವಿಲ್ಲ. ಆದರೆ ಅದು ಮರದ ಮೇಲೆ ಒಣಗುವುದೇ ಇಲ್ಲ. ಅಂಟಂಟಾಗಿ ಉಳಿದು ಕ್ರಮೇಣ ಕಮಟು ಹಿಡಿಯುತ್ತದೆ. ಗಾಳಿಗೆ ಗಟ್ಟಿಯಾಗುವ ಅಗಸೆ ಎಣ್ಣೆಯೇ ಇದಕ್ಕೆ ಸರಿ. ತೆಳ್ಳಗೆ ಹಚ್ಚಿ, ಹೆಚ್ಚಾದುದನ್ನು ಒರೆಸಿ ಒಣಗಲು ಬಿಡಬೇಕು. ಒರೆಸಿದ ಬಟ್ಟೆಯನ್ನು ಮಾತ್ರ ಮುದುರಿ ಮೂಲೆಗೆ ಎಸೆಯಬಾರದು: ಅಗಸೆ ಎಣ್ಣೆ ಒಣಗುವಾಗ ಶಾಖ ಹೊರಬಿಡುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ನೆನೆಸಿಡಬೇಕು.