ಮುಚ್ಚಿದ ಬಾಗಿಲು, ಹೊರಗೆ ತಾಯಿ



ಹದಿಹರೆಯದ ಹೆಣ್ಣುಮಕ್ಕಳ ಕುರಿತು ಮಾತನಾಡಬೇಕೆಂದು ಕೂಟದ ಮಿತ್ರರು ಕೇಳಿದಾಗ, ವೈದ್ಯನಾದ ನಾನು ಹಾರ್ಮೋನುಗಳ ಪಾಠ ಹೇಳುವೆನೆಂದು ಅವರು ಎಣಿಸಿರಬಹುದು. ಅದರ ಬದಲು ಒಂದು ಸ್ವೀಡಿಷ್ ಚಲನಚಿತ್ರವನ್ನು ಆರಿಸಿಕೊಂಡಿದ್ದೇನೆ. ಲೂಕಸ್ ಮೂಡಿಸನ್ ನಿರ್ದೇಶಿಸಿದ ಈ ಚಿತ್ರ 1998ರಲ್ಲಿ ತೆರೆಕಂಡಿತು. ಮೂಲ ಶೀರ್ಷಿಕೆಯಲ್ಲಿ ಓಮೋಲ್ ಎಂಬ ಊರಿನ ಹೆಸರಿಗೆ ಬೈಗುಳವೊಂದು ಅಂಟಿಕೊಂಡಿದೆ. ಹಿರಿಯರೆದುರು ಅದನ್ನು ಉಚ್ಚರಿಸಲು ನನಗೆ ನಾಲಗೆ ಏಳದು. ಇಂಗ್ಲಿಷಿನಲ್ಲಿ ಅದು 'ಶೋ ಮಿ ಲವ್'. ಮರುವರ್ಷ ಅತ್ಯುತ್ತಮ ಚಿತ್ರವೂ ಸೇರಿದಂತೆ ನಾಲ್ಕು ಗುಲ್ಡ್‌ಬಗ್ಗೆ ಪ್ರಶಸ್ತಿಗಳು ಅದಕ್ಕೆ ಸಂದವು.

ವೆನರ್ನ್ ಸರೋವರದ ದಂಡೆಯ ಆ ಸಣ್ಣ ಪಟ್ಟಣ ಎಲಿನ್ ಎಂಬ ಹುಡುಗಿಗೆ ಸೆರೆಮನೆಯಂತೆ ತೋರುತ್ತದೆ. ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬಳೇ ಸಾಕುತ್ತಿರುವ ತಾಯಿಯ ಮೇಲೆ ಆಕೆ ಸಿಡುಕುತ್ತಾಳೆ. ಅದೇ ಶಾಲೆಯ ಆಗ್ನೆಸ್ ಮೌನಿ, ಒಂಟಿ. ಓದುಬರಹವುಳ್ಳ, ಉದಾರ ಮನಸ್ಸಿನ ತಂದೆತಾಯಿಯರ ಮಗಳು. ಆಕೆ ಎಲಿನ್‌ಳನ್ನು ಪ್ರೀತಿಸುತ್ತಾಳೆ. (ಇಷ್ಟು ಹೇಳಿದೊಡನೆ ಕೆಲವು ಕುರ್ಚಿಗಳು ಸದ್ದು ಮಾಡಿದವು. ನಾನೂ ಮೊದಲ ಸಲ ನೋಡಿದಾಗ ಹಾಗೆಯೇ ಸರಿದು ಕುಳಿತಿದ್ದೆ.)

ನನ್ನನ್ನು ಕಾಡಿದ್ದು ಆ ಪ್ರೀತಿಯಲ್ಲ, ಆಗ್ನೆಸ್‌ಳ ತಾಯಿ. ಮಗಳ ಹದಿನಾರನೆಯ ಹುಟ್ಟುಹಬ್ಬಕ್ಕೆ ಆಸೆಯಿಂದ ಅಣಿಮಾಡಿ ಆಕೆ ಕಾಯುತ್ತಾಳೆ, ಅತಿಥಿಗಳು ಹೆಚ್ಚಾಗಿ ಬರುವುದೇ ಇಲ್ಲ. ಮುಂದೆ ಮಗಳ ಕುರಿತು ಹಬ್ಬಿದ ಮಾತು ಕಿವಿಗೆ ಬಿದ್ದಾಗ, ಅವಳು ಗುಟ್ಟಾಗಿ ಬರೆದುಕೊಂಡದ್ದನ್ನು ಓದಿಬಿಡುತ್ತಾಳೆ. ನಿರ್ದೇಶಕ ಈ ತಾಯಿಯನ್ನು ದುಷ್ಟಳನ್ನಾಗಿ ಚಿತ್ರಿಸಿಲ್ಲ. ಆಕೆ ಹೆದರಿದ್ದಾಳೆ, ಅಷ್ಟೇ. ಆದರೆ ಕದ್ದು ತಿಳಿದದ್ದನ್ನು ಮಗಳೊಡನೆ ಮಾತನಾಡುವುದು ಹೇಗೆ?

ನಮ್ಮಲ್ಲಿ ಇದನ್ನು ತಪ್ಪೆಂದು ಯಾರೂ ಭಾವಿಸುವುದಿಲ್ಲ. ದಾವಣಗೆರೆಯಲ್ಲಿ ನಾನು ಎಂಬಿಬಿಎಸ್ ಓದುತ್ತಿದ್ದಾಗ ಹುಡುಗಿಯ ಮುಟ್ಟಿನ ವಿವರವನ್ನೂ ತಾಯಿಯೇ ಹೇಳುತ್ತಿದ್ದಳು, ನಾವು ಬರೆದುಕೊಳ್ಳುತ್ತಿದ್ದೆವು. ಇಲ್ಲಿ ತರಬೇತಿಯ ಆರಂಭದಲ್ಲಿ ಹಿರಿಯ ವೈದ್ಯೆಯೊಬ್ಬರು ತಾಯಿಯನ್ನು ನಯವಾಗಿ ಹೊರಗೆ ಕಳುಹಿಸಿದಾಗ ನನಗೆ ಸಿಟ್ಟೇ ಬಂದಿತ್ತು. ಬಾಗಿಲು ಮುಚ್ಚಿದ ಮೇಲೆ ಆ ಹುಡುಗಿ ಹೇಳಿದ್ದು ಬೇರೆಯೇ ರೋಗ. ಈ ದೇಶದಲ್ಲಿ ಅದಕ್ಕೊಂದು ವ್ಯವಸ್ಥೆಯೇ ಇದೆ. ತರುಣರಿಗೆಂದೇ ಮೀಸಲಾದ ಮೊದಲ ಚಿಕಿತ್ಸಾಲಯ 1970ರಲ್ಲಿ ಬೂರ್ಲೆಂಗೆಯಲ್ಲಿ ಆರಂಭವಾಯಿತು. ಮಗುವಿಗೆ 13 ತುಂಬಿದೊಡನೆ, 1177 ಎಂಬ ಆರೋಗ್ಯಸೇವೆಯ ಜಾಲತಾಣದಲ್ಲಿ ಅದರ ದಾಖಲೆಯನ್ನು ತೆರೆದು ನೋಡುವ ಅವಕಾಶ ತಂದೆತಾಯಿಗೆ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ತಾಯಂದಿರು ಇದನ್ನು ಅವಮಾನವೆಂದು ತಿಳಿಯುತ್ತಾರೆ. ಹಿಂದೆ ನಾನೂ ಹಾಗೆಯೇ ತಿಳಿದಿದ್ದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಈ ಚಿತ್ರವನ್ನು ಎಲ್ಲರೂ ಕೂಡಿ ನೋಡಿದೆವು. ನನ್ನ ಹೆಂಡತಿಯೂ ನಾನೂ ಆ ತಾಯಿಯ ಪಕ್ಷ. "ಓದದೆ ಅವಳಿಗೆ ತಿಳಿಯುವುದಾದರೂ ಹೇಗೆ?" ಎಂದೆ. ಮನೆಯಲ್ಲಿ ಸ್ವೀಡಿಷಿನಲ್ಲೇ ಉತ್ತರಿಸುವ ಮಗಳು ಅಂದು ಕನ್ನಡದಲ್ಲಿ, "ಕೇಳಬಹುದಿತ್ತಲ್ಲಪ್ಪಾ" ಎಂದಳು. ಅದಕ್ಕೂ ಒಂದು ವಾರದ ಹಿಂದೆ ನಾನು ಅವಳ ಮೇಜಿನ ಸೆಳೆಖಾನೆಯನ್ನು ತೆರೆದು ನೋಡಿದ್ದೆ. ಅದು ಅವಳಿಗೆ ತಿಳಿದಿತ್ತೋ ಇಲ್ಲವೋ, ಕೇಳುವ ಧೈರ್ಯ ಇಂದಿಗೂ ಬಂದಿಲ್ಲ.

ಇನ್ನು ಪ್ರಶ್ನೆಗಳು. ತಾಯಂದಿರಿಗಿಂತ ಮೊದಲು ಹಿಂದಿನ ಸಾಲಿನಲ್ಲಿರುವ ಹೆಣ್ಣುಮಕ್ಕಳು ಕೇಳಲಿ, ಸ್ವೀಡಿಷಿನಲ್ಲಾದರೂ ಸರಿಯೇ.