ಜಿಯೋಜಿಬ್ರಾ ಯಾರ ಸ್ವತ್ತು?

ಅಳವಂಡಿಯಂಥ ಹೋಬಳಿ ಊರಿನ ಪ್ರೌಢಶಾಲೆಯಲ್ಲಿ ವೃತ್ತದ ಸ್ಪರ್ಶಕ ಕಲಿಸುವ ಗಣಿತ ಮಾಸ್ತರರಿಗೆ ಜಿಯೋಜಿಬ್ರಾ ತಂತ್ರಾಂಶದಂಥ ಸಹಾಯಕ ಮತ್ತೊಂದಿಲ್ಲ. ಪರದೆಯ ಮೇಲೆ ಬಿಂದುವನ್ನು ಎಳೆದರೆ ಸ್ಪರ್ಶಕ ಹೊರಳುತ್ತದೆ. ತ್ರಿಜ್ಯದೊಂದಿಗೆ ಅದು ಮಾಡುವ 90 ಡಿಗ್ರಿ ಕೋನ ಮಾತ್ರ ಕದಲುವುದಿಲ್ಲ. ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರ ತರಬೇತಿಗೆ ಉಬುಂಟು ಜತೆಗೆ ಇದೂ ಬಂತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಂತೂ ಇದು ಐಸಿಟಿ ಪಠ್ಯದ ಭಾಗ.

ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಓದುವಾಗ ಕಟ್ಟಲು ಶುರುಮಾಡಿದ ತಂತ್ರಾಂಶವಿದು. ಅದು ಮಾರಾಟವಾದದ್ದು ಮಾತ್ರ ನಮ್ಮ ಬೆಂಗಳೂರಿಗೆ. 2021ರ ಡಿಸೆಂಬರ್‌ನಲ್ಲಿ ಆನ್‌ಲೈನ್ ಶಿಕ್ಷಣ ಕಂಪನಿ ಬೈಜೂಸ್ ಅದನ್ನು ಕೊಂಡಿತು. ತಂಡ ಸ್ವತಂತ್ರವಾಗಿಯೇ ಇರುತ್ತದೆ, ಹೋಹೆನ್‌ವಾರ್ಟರ್ ಅವರೇ ಮುನ್ನಡೆಸುತ್ತಾರೆ ಎಂಬ ಭರವಸೆಯೂ ಬಂತು. ಆದರೆ ಅದಕ್ಕೆ ಒಂದು ತಿಂಗಳು ಮೊದಲು ಬೈಜೂಸ್ ಅಮೆರಿಕದಲ್ಲಿ 120 ಕೋಟಿ ಡಾಲರ್ ಸಾಲ ಎತ್ತಿತ್ತು. 2024ರ ಜುಲೈನಲ್ಲಿ, ಕ್ರಿಕೆಟ್ ಮಂಡಳಿಗೆ ಕೊಡಬೇಕಾದ 158 ಕೋಟಿ ರೂಪಾಯಿಯ ತಕರಾರಿನಲ್ಲಿ, ಕಂಪನಿ ದಿವಾಳಿ ಪ್ರಕ್ರಿಯೆಗೆ ಬಿತ್ತು. ಬೈಜೂಸ್ 50 ಕೋಟಿ ಡಾಲರಿಗೆ ಕೊಂಡಿದ್ದ ಮಕ್ಕಳ ಓದಿನ ಆ್ಯಪ್ ‘ಎಪಿಕ್’ ಮರುವರ್ಷ 9.5 ಕೋಟಿಗೆ ಹೋಯಿತು. ಮಕ್ಕಳ ರೇಖಾಗಣಿತ ಹೀಗೆ ಸಾಲ ಕೊಟ್ಟವರ ಜಗಳದ ನೆರಳಿಗೆ ಬಂದು ನಿಂತಿತು.

ಮುಕ್ತ ತಂತ್ರಾಂಶವಲ್ಲವೇ, ಭಯವೇಕೆ ಎನ್ನುವವರಿದ್ದಾರೆ. ಅರ್ಧ ಮಾತ್ರ ನಿಜ. ಜಿಯೋಜಿಬ್ರಾದ ಮೂಲ ಕೋಡ್ ಮುಕ್ತ ಪರವಾನಗಿಯಲ್ಲಿದೆ. ಆದರೆ ಅದರ ಇನ್‌ಸ್ಟಾಲರ್ ಮತ್ತು ಭಾಷಾಂತರದ ಕಡತಗಳಿಗೆ ವಾಣಿಜ್ಯ ಬಳಕೆ ಕೂಡದೆಂಬ ಷರತ್ತಿದೆ. ಹೆಸರು, ಸರ್ವರ್, ಕೆಲಸಗಾರರು ಎಲ್ಲ ಕಂಪನಿಯ ಕೈಯಲ್ಲಿ. ಪರವಾನಗಿ ಕಾಯುವುದು ಕೋಡನ್ನು. ಅದನ್ನು ದಿನಾ ರಿಪೇರಿ ಮಾಡುವವರ ಸಂಬಳವನ್ನಲ್ಲ.

ಬೆಂಗಳೂರಿನಲ್ಲಿ ಬಹಳಷ್ಟು ಬೆಳೆದ ಗ್ಲಸ್ಟರ್ ಎಂಬ ಮುಕ್ತ ದತ್ತಾಂಶ ಸಂಗ್ರಹ ತಂತ್ರಾಂಶದ ಕಥೆಯೂ ಇದೇ. 2011ರಲ್ಲಿ ರೆಡ್ ಹ್ಯಾಟ್ ಕಂಪನಿ ಅದನ್ನು ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತು. 2019ರಲ್ಲಿ ರೆಡ್ ಹ್ಯಾಟನ್ನೇ ಐಬಿಎಂ ನುಂಗಿತು. 2024ರ ಕೊನೆಗೆ ರೆಡ್ ಹ್ಯಾಟ್ ಮಾರುತ್ತಿದ್ದ ಗ್ಲಸ್ಟರ್‌ಗೆ ಬೆಂಬಲ ನಿಂತಿತು. ಕೋಡ್ ಇಂದಿಗೂ ಯಾರಿಗಾದರೂ ಸಿಗುತ್ತದೆ.

ಪಾರಾದ ಉದಾಹರಣೆಯೂ ಉಂಟು. 2010ರಲ್ಲಿ ಸನ್ ಕಂಪನಿ ಒರೇಕಲ್ ಪಾಲಾದಾಗ, ಸನ್ ಒಡೆತನದ ಕಚೇರಿ ತಂತ್ರಾಂಶ ಓಪನ್ ಆಫೀಸ್‌ನ ಬಳಗ ಅದೇ ಕೋಡ್ ಹೊತ್ತು ಹೊರಬಂದು ಲಿಬ್ರೆ ಆಫೀಸ್ ಕಟ್ಟಿತು. ಕನ್ನಡದಲ್ಲೂ ಅದು ಸಿಗುತ್ತದೆ. ಆ ಬಳಗದ ಹಿಂದೆ ಕೆಲಸಗಾರರಿಗೆ ಸಂಬಳ ಕೊಡುವ ಬೇರೆ ಕಂಪನಿಗಳಿದ್ದವು ಎನ್ನುವುದನ್ನು ನಾವು ಮರೆಯುತ್ತೇವೆ. ಜಿಯೋಜಿಬ್ರಾವನ್ನು ಸಾವಿರಾರು ಶಾಲೆಗಳಲ್ಲಿ ಪುಕ್ಕಟೆ ಬಳಸುವ ಸರ್ಕಾರಗಳು ಅಂಥ ಹೊಣೆ ಹೊರಲು ಮುಂದೆ ಬಂದದ್ದು ನನಗೆ ಕಂಡಿಲ್ಲ.

ಶಿಕ್ಷಕರು ಮಾಡಿಟ್ಟ ಪಾಠಗಳದ್ದು ಮಾತ್ರ ಅಷ್ಟು ಚಿಂತೆಯಿಲ್ಲ, ಅವು ಶಾಲೆಯ ಕಂಪ್ಯೂಟರಿನಲ್ಲೂ ಇದ್ದರೆ. ಜಿಜಿಬಿ ಕಡತವೆಂದರೆ ಒಂದು ಜಿಪ್ ಗಂಟು; ಬಿಚ್ಚಿದರೆ ಒಳಗಿರುವುದು ಎಕ್ಸ್‌ಎಂಎಲ್ ಪಠ್ಯ. ಬಿಂದು, ರೇಖೆ, ವೃತ್ತ ಎಲ್ಲವೂ ಓದುವಂತೆಯೇ ಬರೆದಿರುತ್ತವೆ. ಬಲ್ಲವರೊಬ್ಬರು ಕೂತರೆ ಬೇರೊಂದು ತಂತ್ರಾಂಶಕ್ಕೆ ಅವನ್ನು ಸಾಗಿಸಬಹುದು.